ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು: ಆಟೋಮ್ಯಾಟಿಕ್ ಕಾರಿನ ತೊಂದರೆಯನ್ನು ಪತ್ತೆ ಹಚ್ಚುವ ಬಗೆ

ಕಳೆದ ಕೆಲವು ವರ್ಷಗಳಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಯಂಗಳಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಕಾರುಗಳು ಹೆಚ್ಚಾಗಿ ಕಾಣಿಸುತ್ತಿವೆ. ಮೊಣಕಾಲು ನೋವಿರುವ ಹಿರಿಯರು, ಹೊಸದಾಗಿ ಡ್ರೈವಿಂಗ್ ಕಲಿತವರು, ದಿನವೂ ಮಂಗಳೂರಿಗೆ ಹೋಗಿ ಬರುವ ಉದ್ಯೋಗಿಗಳು ಆಟೋಮ್ಯಾಟಿಕ್ ಕಾರನ್ನೇ ಬಯಸುತ್ತಾರೆ. ಹೊಸತನ್ನು ಕೊಳ್ಳಲಾಗದವರು ಬೆಂಗಳೂರಿನಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರನ್ನು ತರಿಸಿಕೊಳ್ಳುತ್ತಾರೆ. ಆದರೆ ಇಂಥ ಕಾರಿನಲ್ಲಿ ಸಣ್ಣದೊಂದು ನಡುಕವೋ ಹೊಡೆತವೋ ಕಾಣಿಸಿಕೊಂಡ ಕೂಡಲೇ “ಗೇರ್‌ಬಾಕ್ಸ್ ಹೋಗಿದೆ” ಎಂಬ ಮಾತು ಬಂದುಬಿಡುತ್ತದೆ. ಮಂಗಳೂರಿನ ವರ್ಕ್‌ಶಾಪುಗಳಲ್ಲಿ ಬಹುಕಾಲ ದುಡಿದು ಈಗ ಬದಿಯಡ್ಕದ ಬಳಿ ನೆಲೆಸಿರುವ ನನ್ನಲ್ಲಿಗೆ ನೆಂಟರೂ ನೆರೆಯವರೂ ಬರುವುದು ಹೆಚ್ಚಾಗಿ ಆ ಮಾತನ್ನು ಕೇಳಿ ಕಂಗಾಲಾದ ಮೇಲೆ. ಅವರೆಲ್ಲರಿಗೂ ನಾನು ಹೇಳುತ್ತಾ ಬಂದಿರುವುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಗೇರ್‌ಬಾಕ್ಸನ್ನು ಬಿಚ್ಚುವುದು ಪರೀಕ್ಷೆಯ ಕಟ್ಟಕಡೆಯ ಹಂತ; ಅದಕ್ಕೆ ಮೊದಲು ಹೊರಗಿನಿಂದಲೇ ತಿಳಿಯಬಹುದಾದ ಸಂಗತಿಗಳು ಬಹಳಷ್ಟಿವೆ, ಮತ್ತು ಅವುಗಳಲ್ಲಿ ಬಹುಪಾಲನ್ನು ಕಾರಿನ ಯಜಮಾನರೇ ಗಮನಿಸಬಲ್ಲರು.

ಮೊದಲು ತಿಳಿದುಕೊಳ್ಳಬೇಕಾದುದು ಕಾರಿನಲ್ಲಿರುವುದು ಯಾವ ಬಗೆಯ ಆಟೋಮ್ಯಾಟಿಕ್ ಎಂಬುದನ್ನು. ಹಳೆಯ ಕಾಲದಿಂದಲೂ ಬಳಕೆಯಲ್ಲಿರುವುದು ಟಾರ್ಕ್ ಕನ್ವರ್ಟರ್ ಬಗೆ. ಇದರಲ್ಲಿ ಎಂಜಿನ್ನಿನ ಶಕ್ತಿಯು ಎಣ್ಣೆಯ ಹರಿವಿನ ಮೂಲಕ ಗೇರ್‌ಬಾಕ್ಸಿಗೆ ದಾಟುತ್ತದೆ. ಅದರ ಹಿಂದೆ ಪ್ಲಾನೆಟರಿ ಗೇರುಗಳೂ, ಅವುಗಳನ್ನು ಹಿಡಿದು ಬಿಡುವ ಕ್ಲಚ್ ಪ್ಯಾಕುಗಳೂ, ಆ ಪ್ಯಾಕುಗಳಿಗೆ ಎಣ್ಣೆಯ ಒತ್ತಡವನ್ನು ಹಂಚುವ ವಾಲ್ವ್ ಬಾಡಿ ಮತ್ತು ಸೊಲೆನಾಯ್ಡುಗಳೂ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಚಿಕ್ಕ ವಾಲ್ವುಗಳು) ಇರುತ್ತವೆ. ಸಿವಿಟಿಯಲ್ಲಿ ನಿಗದಿಯಾದ ಗೇರುಗಳೇ ಇಲ್ಲ. ಅಗಲ ಕಿರಿದಾಗುವ, ಹಿರಿದಾಗುವ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟೊಂದು ಓಡುತ್ತದೆ. ಡ್ಯುಯಲ್ ಕ್ಲಚ್ ಬಗೆಯಲ್ಲಿ ಬೆಸ ಗೇರುಗಳಿಗೊಂದು, ಸರಿ ಗೇರುಗಳಿಗೊಂದು ಎಂಬಂತೆ ಎರಡು ಕ್ಲಚ್‌ಗಳಿರುತ್ತವೆ. ಎಎಂಟಿ ಎಂಬುದು ಒಳಗೆ ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಮಾತ್ರ ಕಂಪ್ಯೂಟರಿನ ಅಪ್ಪಣೆಯಂತೆ ಆಕ್ಚುಯೇಟರುಗಳು ಮಾಡುತ್ತವೆ. 2014ರಲ್ಲಿ ಮಾರುತಿ ಸೆಲೇರಿಯೊದೊಂದಿಗೆ ಭಾರತದ ಮಾರುಕಟ್ಟೆಗೆ ಬಂದ ಈ ಬಗೆಯೇ ನಮ್ಮ ಕಡೆಯ ಸಣ್ಣ ಕಾರುಗಳಲ್ಲಿ ಹೆಚ್ಚಾಗಿದೆ. ನಾಲ್ಕರ ರೋಗಗಳೂ ಬೇರೆ, ಪರೀಕ್ಷೆಗಳೂ ಬೇರೆ. ಒಂದಕ್ಕೆ ಸರಿಯಾದ ಎಣ್ಣೆಯನ್ನು ಇನ್ನೊಂದಕ್ಕೆ ಹಾಕಿದರೆ ಗೇರ್‌ಬಾಕ್ಸ್ ನಿಜವಾಗಿಯೂ ಹಾಳಾಗುತ್ತದೆ. ಸಿವಿಟಿಗೆ ಸಿವಿಟಿಯದೇ ಎಣ್ಣೆ ಬೇಕು. ಬೆಲ್ಟ್ ಮತ್ತು ಪುಲ್ಲಿಗಳ ನಡುವಿನ ಹಿಡಿತ ನಿಂತಿರುವುದು ಆ ಎಣ್ಣೆಯ ಗುಣದ ಮೇಲೆ.

ಬಗೆ ತಿಳಿದ ಮೇಲೆ ನಾನು ಕೇಳುವ ಪ್ರಶ್ನೆಗಳು ರೋಗಿಯನ್ನು ವೈದ್ಯರು ಕೇಳುವ ಪ್ರಶ್ನೆಗಳನ್ನು ಹೋಲುತ್ತವೆ. ತೊಂದರೆ ಬೆಳಿಗ್ಗೆ ಕಾರು ತಣ್ಣಗಿರುವಾಗ ಬರುತ್ತದೆಯೇ, ಅರ್ಧ ಗಂಟೆ ಓಡಿದ ಮೇಲೆ ಬರುತ್ತದೆಯೇ? ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ? ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದಾಗಲೇ, ಚಡಾವಿನಲ್ಲಿ ಪೂರ್ತಿ ಒತ್ತಿದಾಗಲೇ? ರಿವರ್ಸಿನಲ್ಲಿಯೂ ಇದೆಯೇ? “ಒಟ್ಟಾರೆ ಸರಿ ಇಲ್ಲ ಮಾರಾಯ್ರೆ” ಎಂಬ ಉತ್ತರದಿಂದ ಯಾವ ಮೆಕ್ಯಾನಿಕ್ಕಿಗೂ ಪ್ರಯೋಜನವಾಗದು. ತಣ್ಣಗಿರುವಾಗ ಗೇರ್ ಹಿಡಿಯಲು ತಡವಾಗಿ ಬಿಸಿಯಾದ ಮೇಲೆ ಸರಿಯಾಗುವ ಕಾರಿನಲ್ಲಿ ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿರುವ ಸಂಭವ ಹೆಚ್ಚು; ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಜಾರತೊಡಗಿದರೆ ಎಣ್ಣೆ ತೆಳುವಾದಾಗ ಒತ್ತಡ ಬೀಳುತ್ತಿದೆ ಎಂದು ಶಂಕಿಸಬೇಕು. ಒಂದೇ ಗೇರಿನಲ್ಲಿ ಮಾತ್ರ ತೊಂದರೆಯಿದ್ದರೆ ಆ ಗೇರಿಗೆ ಸೇರಿದ ಕ್ಲಚ್ ಅಥವಾ ಸೊಲೆನಾಯ್ಡ್. ಎಲ್ಲ ಗೇರುಗಳಲ್ಲಿಯೂ ಇದ್ದರೆ ಎಣ್ಣೆಯ ಮಟ್ಟ, ಪಂಪು, ಫಿಲ್ಟರು.

ಪರೀಕ್ಷೆಗೆ ನಮ್ಮ ಊರಿನ ರಸ್ತೆಗಳು ಬಹಳ ಅನುಕೂಲವಾಗಿವೆ. ತಲಪ್ಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಯಲ್ಲಿ ಒಂದೇ ವೇಗವನ್ನು ಕಾಯ್ದುಕೊಂಡು ಓಡಿಸಬಹುದು. ಚೆರ್ಕಳದಿಂದ ಬದಿಯಡ್ಕ, ಪೆರ್ಲಗಳ ಮೂಲಕ ಅಡ್ಕಸ್ಥಳಕ್ಕೆ ಹೋಗುವ ರಸ್ತೆಯಲ್ಲಿ ಏರು, ಇಳಿವು, ತಿರುವುಗಳೆಲ್ಲ ಒಂದರ ಹಿಂದೊಂದು ಸಿಗುತ್ತವೆ.

ನನ್ನ ಭಾವನವರ ಕಾರಿನ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಇದರಷ್ಟು ಹೆಚ್ಚಾಗಿ ತಪ್ಪು ತೀರ್ಮಾನಕ್ಕೆ ಕಾರಣವಾಗುವ ಲಕ್ಷಣ ಇನ್ನೊಂದಿಲ್ಲ. ಟಾರ್ಕ್ ಕನ್ವರ್ಟರ್ ಬಗೆಯ ಆ ಕಾರು ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿದಾಗ, ಕೆಲವು ಕ್ಷಣಗಳ ಕಾಲ ಗಡಗಡನೆ ನಡುಗಿ ಮತ್ತೆ ಸುಮ್ಮನಾಗುತ್ತಿತ್ತು. ಕನ್ವರ್ಟರನ್ನೇ ಬದಲಿಸಬೇಕೆಂದು ಅವರಿಗೆ ಒಂದು ಕಡೆ ಹೇಳಿದ್ದರು. ಸಮವೇಗದಲ್ಲಿ ಹೋಗುವಾಗ ಎಣ್ಣೆಯ ಮೂಲಕ ಶಕ್ತಿ ವ್ಯರ್ಥವಾಗದಿರಲೆಂದು ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುತ್ತದೆ. ಆ ಕ್ಲಚ್ ಹಿಡಿಯುತ್ತಾ ಜಾರುತ್ತಾ ಇದ್ದರೆ ಇಂಥ ನಡುಕ ಹುಟ್ಟುತ್ತದೆ. ಆದರೆ ಇಗ್ನಿಷನ್ ಕಾಯಿಲ್ ಅಥವಾ ಸ್ಪಾರ್ಕ್ ಪ್ಲಗ್ ಕೆಟ್ಟು ಎಂಜಿನ್ನಿನ ಒಂದು ಸಿಲಿಂಡರ್ ಆಗಾಗ ಉರಿಯದೆ ಹೋದಾಗಲೂ (ಇದೇ ಮಿಸ್‌ಫೈರ್) ಬಹುತೇಕ ಇಂಥದೇ ನಡುಕ ಬರುತ್ತದೆ.

ಇವೆರಡನ್ನು ಬೇರ್ಪಡಿಸಲು ಹಳೆಯ, ಖರ್ಚಿಲ್ಲದ ಪರೀಕ್ಷೆಯೊಂದಿದೆ. ಹಿಂದೆ ಮುಂದೆ ವಾಹನಗಳಿಲ್ಲದ ರಸ್ತೆಯಲ್ಲಿ ನಡುಕ ಬಂದ ಹೊತ್ತಿಗೆ, ಆಕ್ಸಿಲರೇಟರನ್ನು ಹಾಗೆಯೇ ಹಿಡಿದುಕೊಂಡು, ಬ್ರೇಕ್ ಲೈಟ್ ಉರಿಯುವಷ್ಟು ಮಾತ್ರ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಮೆಲ್ಲನೆ ಮುಟ್ಟಬೇಕು. ಬ್ರೇಕಿನ ಸ್ವಿಚ್ಚಿನಿಂದ ಸೂಚನೆ ಹೋದ ಕೂಡಲೇ ಕಂಪ್ಯೂಟರ್ ಲಾಕಪ್ಪನ್ನು ಬಿಡಿಸುತ್ತದೆ. ನಡುಕ ಆ ಕ್ಷಣವೇ ನಿಂತು, ಲಾಕಪ್ ಮತ್ತೆ ಕೂಡಿಕೊಂಡಾಗ ಮರಳಿ ಬಂದರೆ ಶಂಕೆ ಲಾಕಪ್ ಕ್ಲಚ್ಚಿನ ಕಡೆಗೆ ತಿರುಗುತ್ತದೆ. ಇಷ್ಟಕ್ಕೇ ನಿರ್ಧರಿಸುವುದು ಸರಿಯಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಲಾಕಪ್ ಬಿಟ್ಟಾಗ ನಡುವಿನ ಎಣ್ಣೆಯು ಎಂಜಿನ್ನಿನ ಅದಿರಾಟವನ್ನು ನುಂಗಿಕೊಳ್ಳುವುದರಿಂದ ಸಣ್ಣ ಮಿಸ್‌ಫೈರ್ ಕೂಡ ನಿಂತುಹೋದಂತೆ ಭಾಸವಾಗಬಹುದು. ಆದುದರಿಂದ ಕಾರಿನ ಕಂಪ್ಯೂಟರಿನ ದಾಖಲೆಗಳನ್ನು ಓದುವ ಸ್ಕ್ಯಾನರಿನಲ್ಲಿ ಪ್ರತಿ ಸಿಲಿಂಡರಿನ ಮಿಸ್‌ಫೈರ್ ಎಣಿಕೆಯನ್ನೂ, ಲಾಕಪ್ ಕೂಡಿದಾಗ ಎಂಜಿನ್ನಿನ ಮತ್ತು ಟರ್ಬೈನಿನ (ಕನ್ವರ್ಟರಿನಿಂದ ಗೇರ್‌ಬಾಕ್ಸಿಗೆ ಶಕ್ತಿ ಕೊಡುವ ಭಾಗ) ವೇಗಗಳ ನಡುವಣ ವ್ಯತ್ಯಾಸವನ್ನೂ ಒಟ್ಟಿಗೆ ನೋಡಬೇಕು. ಭಾವನವರ ಕಾರಿನಲ್ಲಿ ಮಿಸ್‌ಫೈರ್ ಇರಲಿಲ್ಲ; ಲಾಕಪ್ಪಿನ ಜಾರುವಿಕೆ ಮಾತ್ರ ಏರುತ್ತಾ ಇಳಿಯುತ್ತಾ ಇತ್ತು. ಎಣ್ಣೆ ಕಪ್ಪಗಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಕಂಪನಿ ಸೂಚಿಸಿದ ಗ್ರೇಡಿನ ಎಣ್ಣೆಯನ್ನು ಬದಲಿಸಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಲಾಯಿತು. ಒಮ್ಮೆ ಬಸಿದಾಗ ಹಳೆಯ ಎಣ್ಣೆಯ ದೊಡ್ಡ ಪಾಲು ಕನ್ವರ್ಟರಿನಲ್ಲಿಯೇ ಉಳಿಯುವುದರಿಂದ ಹೀಗೆ ಮಾಡಬೇಕಾಗುತ್ತದೆ. ನಡುಕ ಕಡಿಮೆಯಾಗುತ್ತಾ ಬಂದು ನಿಂತಿತು. ಎಲ್ಲ ಕಾರುಗಳೂ ಇಷ್ಟರಲ್ಲೇ ಗುಣವಾಗುತ್ತವೆ ಎಂದಲ್ಲ. ಕ್ಲಚ್ಚಿನ ಪದರವೇ ಸವೆದಿದ್ದರೆ ಹೊಸ ಎಣ್ಣೆಯಿಂದ ಏನೂ ಆಗದು. ಆದರೆ ಕನ್ವರ್ಟರ್ ಇಳಿಸುವ ಮೊದಲು ಇದನ್ನು ಮಾಡಿ ನೋಡುವುದೇ ಕ್ರಮ.

ಎಣ್ಣೆಯ ವಿಷಯವನ್ನು ಇನ್ನಷ್ಟು ಹೇಳಬೇಕು. ಎಟಿಎಫ್ ಎಂದು ಕರೆಯುವ ಈ ಎಣ್ಣೆ ಬಹುತೇಕ ಕೆಂಪು ಬಣ್ಣದ್ದು. ಇದು ಬರೀ ಸವೆತ ತಡೆಯುವ ಎಣ್ಣೆಯಲ್ಲ. ಕ್ಲಚ್‌ಗಳನ್ನು ಒತ್ತುವ ಶಕ್ತಿಯೂ, ಬಿಸಿಯನ್ನು ಹೊರಕ್ಕೆ ಸಾಗಿಸುವ ಮಾಧ್ಯಮವೂ ಇದೇ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಯಾವುದೋ ಕ್ಲಚ್ ಜಾರಿ ಸುಟ್ಟಿದೆ. ತಿಳಿಗುಲಾಬಿ ಬಣ್ಣದ ಹಾಲಿನಂತಾಗಿದ್ದರೆ ನೀರು ಸೇರಿದೆ, ಮತ್ತು ಇದು ಎಲ್ಲಕ್ಕಿಂತ ತುರ್ತಿನ ಲಕ್ಷಣ. ಅನೇಕ ಕಾರುಗಳಲ್ಲಿ ಎಟಿಎಫ್ ತಣಿಸುವ ಕೊಳವೆ ರೇಡಿಯೇಟರಿನ ಒಳಗೇ ಇರುತ್ತದೆ. ಅದು ತೂತಾದರೆ ಕೂಲಂಟ್ ಎಣ್ಣೆಗೆ ಬೆರೆತು ಕ್ಲಚ್ ಪ್ಲೇಟುಗಳ ಮೇಲಿನ ಘರ್ಷಣೆಯ ಪದರವನ್ನು ಅಂಟಿನಿಂದ ಕಿತ್ತುಹಾಕುತ್ತದೆ. ಅಂಥ ಕಾರನ್ನು ಮತ್ತೊಂದು ಕಿಲೋಮೀಟರ್ ಕೂಡ ಓಡಿಸಬಾರದು. ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಆಷಾಢದ ದಿನಗಳಲ್ಲಿ ತೋಡು ಉಕ್ಕಿ ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ಆಳದ ನೀರಿನಲ್ಲಿ ಕಾರು ಇಳಿದರೆ ಬಿಸಿಯಾದ ಗೇರ್‌ಬಾಕ್ಸ್ ಥಟ್ಟನೆ ತಣಿದು, ಅದರ ಉಸಿರು ಕೊಳವೆಯ ಮೂಲಕ ನೀರನ್ನು ಒಳಗೆಳೆದುಕೊಳ್ಳಬಲ್ಲದು.

ಮಟ್ಟ ನೋಡುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ಅನೇಕ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ, ಎಣ್ಣೆ ಬಿಸಿಯಾಗಿರುವಾಗ ಡಿಪ್‌ಸ್ಟಿಕ್ ನೋಡಬೇಕು. ಹೋಂಡಾದ ಆಟೋಮ್ಯಾಟಿಕ್‌ಗಳಲ್ಲಿ ಬಿಸಿ ಮಾಡಿ ಎಂಜಿನ್ ನಿಲ್ಲಿಸಿದ ಕೂಡಲೇ ನೋಡಬೇಕು. ಈಚಿನ ಹಲವು ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಲಿಫ್ಟಿಗೆ ಏರಿಸಿ, ಎಣ್ಣೆಯ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತಾ, ಸೂಚಿತ ಉಷ್ಣತೆಯಲ್ಲಿ ಪ್ಲಗ್ ಬಿಚ್ಚಿ ಅಳೆಯಬೇಕು. “ಜೀವಮಾನವಿಡೀ ಎಣ್ಣೆ ಬದಲಿಸಬೇಕಾಗಿಲ್ಲ” ಎಂದು ಕೆಲವು ಕಾರು ಕಂಪನಿಗಳು ಹೇಳುತ್ತವೆ. ಆದರೆ ಗೇರ್‌ಬಾಕ್ಸುಗಳನ್ನೇ ತಯಾರಿಸುವ ಜರ್ಮನಿಯ ಝೆಡ್‌ಎಫ್ ಕಂಪನಿ ತನ್ನ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳ ಎಣ್ಣೆಯನ್ನು 80,000ದಿಂದ 1,20,000 ಕಿ.ಮೀ. ನಡುವೆ ಅಥವಾ 8 ವರ್ಷಕ್ಕೊಮ್ಮೆ ಬದಲಿಸಲು ಸೂಚಿಸುತ್ತದೆ. ಗುಡ್ಡದ ಚಡಾವುಗಳಲ್ಲಿ, ನಮ್ಮ ಕರಾವಳಿಯ ಸೆಕೆಯಲ್ಲಿ ಓಡುವ ಕಾರಿಗೆ ನಾನು ಇದರ ಕೆಳಗಿನ ಮಿತಿಯನ್ನೇ ಹಿಡಿಯುತ್ತೇನೆ.

ಸ್ಕ್ಯಾನರಿನ ಮಾತಿಗೆ ಬರುತ್ತೇನೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಓಬಿಡಿ ಉಪಕರಣಗಳು ಎಂಜಿನ್ನಿನ ಕೋಡುಗಳನ್ನು, ಅಂದರೆ ಕಂಪ್ಯೂಟರ್ ದಾಖಲಿಸಿದ ದೂರಿನ ಸಂಖ್ಯೆಗಳನ್ನು, ಓದುತ್ತವೆ. ಗೇರ್‌ಬಾಕ್ಸ್ ಕಂಪ್ಯೂಟರಿನ ಒಳಗಿನದನ್ನು ಹಲವು ಬಾರಿ ಓದಲಾರವು. ಅವುಗಳಲ್ಲಿ ಪಿ0700 ಎಂಬ ಕೋಡ್ ಕಂಡು ಗಾಬರಿಯಾಗುವವರಿದ್ದಾರೆ. ಆ ಕೋಡಿನ ಅರ್ಥ, ಗೇರ್‌ಬಾಕ್ಸಿನ ಕಂಪ್ಯೂಟರ್ ತನ್ನಲ್ಲಿ ಬೇರೊಂದು ದೂರು ದಾಖಲಾಗಿದೆ ಎಂದು ಎಂಜಿನ್ ಕಂಪ್ಯೂಟರಿಗೆ ತಿಳಿಸಿದೆ ಎಂಬುದಷ್ಟೆ. ನಿಜವಾದ ದೂರನ್ನು ಅಲ್ಲಿಗೆ ಹೋಗಿ ಓದಬೇಕು. ಪಿ0715 ಎಂದರೆ ಒಳಬರುವ ಶಾಫ್ಟಿನ ವೇಗದ ಸೆನ್ಸರಿನ ಸರ್ಕ್ಯೂಟ್, ಪಿ0720 ಎಂದರೆ ಹೊರಹೋಗುವ ಶಾಫ್ಟಿನದು. ಇವೆರಡರ ವೇಗವನ್ನು ಹೋಲಿಸಿಯೇ ಕಂಪ್ಯೂಟರ್ ಜಾರುವಿಕೆಯನ್ನು ಕಂಡುಹಿಡಿಯುತ್ತದೆ. ಒಂದು ಗೇರಿನ ಅನುಪಾತ 1:1 ಎಂದಿಟ್ಟುಕೊಳ್ಳಿ; ಒಳಗೆ ನಿಮಿಷಕ್ಕೆ 2000 ಸುತ್ತು ಬಂದರೆ ಹೊರಗೂ 2000 ಇರಬೇಕು. ಹೊರಗೆ 1850 ಮಾತ್ರ ಬಂದರೆ ಆ ಗೇರಿನ ಕ್ಲಚ್ ಜಾರುತ್ತಿದೆ ಎಂದು ಅದು ಲೆಕ್ಕ ಹಾಕುತ್ತದೆ. ಪಿ0731ರಿಂದ ಪಿ0735ರವರೆಗಿನ ಕೋಡುಗಳು ಕ್ರಮವಾಗಿ 1ರಿಂದ 5ನೆಯ ಗೇರುಗಳ ಅನುಪಾತ ತಪ್ಪಿದುದನ್ನು ಹೇಳುತ್ತವೆ. ಪಿ0741 ಲಾಕಪ್ ಕೂಡಿಕೊಳ್ಳದಿರುವುದನ್ನು. ಇಲ್ಲಿ ಎಚ್ಚರವಿರಬೇಕಾದುದು ಹೀಗೆ: ಸೆನ್ಸರೇ ಸುಳ್ಳು ಹೇಳಿದರೂ ಲೆಕ್ಕ ತಪ್ಪುತ್ತದೆ. ಕೋಡು ಒಂದು ದಿಕ್ಕನ್ನು ತೋರಿಸುತ್ತದೆ. ಕೆಟ್ಟ ಭಾಗದ ಹೆಸರನ್ನು ಹೇಳುವುದಿಲ್ಲ. ಹಾಗೆಯೇ ಕೋಡುಗಳನ್ನು ಬರೆದಿಟ್ಟುಕೊಳ್ಳದೆ ಅಳಿಸಿಹಾಕುವ ಮೆಕ್ಯಾನಿಕ್ಕನ್ನು ತಡೆಯಿರಿ, ಏಕೆಂದರೆ ತೊಂದರೆ ನಡೆದ ಹೊತ್ತಿನ ವೇಗ, ಉಷ್ಣತೆ ಮೊದಲಾದ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ.

ಗೇರ್‌ಬಾಕ್ಸಿನ ಹೊರಗಿದ್ದುಕೊಂಡೇ ಅದರ ಮೇಲೆ ಅಪವಾದ ತರುವ ಭಾಗಗಳು ಹಲವು. ಬ್ಯಾಟರಿ ದುರ್ಬಲವಾದರೆ ಅಥವಾ ಅರ್ತ್ ವೈರು ತುಕ್ಕು ಹಿಡಿದರೆ ಕಂಪ್ಯೂಟರ್ ಗೊಂದಲಕ್ಕೊಳಗಾಗಿ ರಕ್ಷಣೆಯ ಮೋಡ್‌ಗೆ ಹೋಗಬಹುದು. ಆಗ ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಭಾರವಾಗಿ ಎಳೆಯುತ್ತದೆ. ಲಿವರ್ ‘ಪಿ’ಯಿಂದ ಅಲುಗಾಡದಿದ್ದರೆ ಮೊದಲು ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್ ಉರಿಯುತ್ತದೆಯೇ ಎಂದು ನೋಡಿ, ಉರಿಯದಿದ್ದರೆ ತಪ್ಪು ಬ್ರೇಕಿನ ಚಿಕ್ಕ ಸ್ವಿಚ್ಚಿನದೋ ಫ್ಯೂಸಿನದೋ ಇರಬಹುದು. ‘ಪಿ’ಯಲ್ಲಿ ಸ್ಟಾರ್ಟ್ ಆಗದ ಕಾರು ‘ಎನ್’ನಲ್ಲಿ ಸ್ಟಾರ್ಟ್ ಆದರೆ ಲಿವರಿನ ಸ್ಥಾನ ತಿಳಿಸುವ ಸ್ವಿಚ್ಚನ್ನು ನೋಡಬೇಕು. ‘ಡಿ’ಯಿಂದ ‘ಆರ್’ಗೆ ಹಾಕುವಾಗ ದಡ್ಡನೆ ಸದ್ದಾದರೆ ಎಂಜಿನ್ ಮೌಂಟಿನ ರಬ್ಬರ್ ಹರಿದಿರುವ ಸಂಭವ ಬಹಳ. ಚಡಾವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಂಪನವಿದ್ದು, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚೆಲ್ಲಿದ್ದರೆ ಒಳಗಿನ ಜಾಯಿಂಟ್ ಸವೆದಿದೆ. ಇನ್ನು ಅಡಕೆ, ತೆಂಗಿನಕಾಯಿ ತುಂಬಿದ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಕಾರು ನಿಲ್ಲಿಸುವ ನಮ್ಮ ಮನೆಗಳಲ್ಲಿ ಇಲಿ, ಹೆಗ್ಗಣಗಳು ವೈರು ಕಡಿಯುವುದು ಸಾಮಾನ್ಯ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಗೇರ್‌ಬಾಕ್ಸಿಗೆ ಹೋಗುವ ವೈರುಗಳನ್ನು ಉದ್ದಕ್ಕೂ ನೋಡುವುದಕ್ಕೆ ಯಾವ ತರಬೇತಿಯೂ ಬೇಡ.

ಎಎಂಟಿ ಕಾರುಗಳ ಬಗ್ಗೆ ನನಗೆ ವಿಶೇಷ ಕಳಕಳಿಯಿದೆ, ಏಕೆಂದರೆ ನಮ್ಮ ಊರಿನ ನೆಲವೇ ಅವುಗಳಿಗೆ ಕಷ್ಟದ್ದು. ಇಲ್ಲಿ ರಸ್ತೆ ಮುರಕಲ್ಲಿನ ಗುಡ್ಡದ ಮೇಲೆ, ಮನೆ ಕೆಳಗೆ ತೋಟದ ಬದಿಯಲ್ಲಿ. ನಡುವೆ ಕಡಿದಾದ, ಮಳೆಗಾಲದಲ್ಲಿ ಪಾಚಿ ಕಟ್ಟುವ ದಾರಿ. ಆ ಚಡಾವಿನಲ್ಲಿ ಎದುರಿನಿಂದ ಜೀಪೊಂದು ಬಂದಾಗ ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದಲೇ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಟಾರ್ಕ್ ಕನ್ವರ್ಟರಿನಲ್ಲಿ ಹಾಗೆ ಮಾಡಿದರೆ ಎಣ್ಣೆ ಬಿಸಿಯಾಗುತ್ತದೆ. ಎಎಂಟಿಯಲ್ಲಿ ಮತ್ತು ಒಣ ಕ್ಲಚ್ಚಿನ ಡ್ಯುಯಲ್ ಕ್ಲಚ್ಚಿನಲ್ಲಿ ನೇರವಾಗಿ ಕ್ಲಚ್ ಪ್ಲೇಟೇ ಅರ್ಧ ಹಿಡಿದು ಉಜ್ಜುತ್ತಾ ಸುಡುತ್ತದೆ. ಸುಟ್ಟ ವಾಸನೆ, ಹೊರಡುವಾಗ ಕುಲುಕಾಟ, ಎಂಜಿನ್ ಕೂಗಿದಷ್ಟು ಕಾರು ಮುಂದೆ ಹೋಗದಿರುವುದು ಕ್ಲಚ್ ಸವೆದುದರ ಗುರುತುಗಳು. ಇದಕ್ಕೆ ಮ್ಯಾನುಯಲ್ ಕಾರಿನಂತೆಯೇ ಕ್ಲಚ್ ಸೆಟ್ ಬದಲಿಸಿದರೆ ಸಾಕು, ಆದರೆ ಬದಲಿಸಿದ ಮೇಲೆ ಕ್ಲಚ್ ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ಸ್ಕ್ಯಾನರಿನ ಮೂಲಕ ಕಲಿಸಲೇಬೇಕು. ಇದನ್ನು ಬಿಟ್ಟುದರಿಂದಲೇ ಹೊಸ ಕ್ಲಚ್ ಹಾಕಿದ ಮರುದಿನ ಕಾರು ಕುಲುಕುವುದುಂಟು. ಚಲಿಸುತ್ತಿರುವಾಗ ಗೇರ್ ಬಿಟ್ಟು ನ್ಯೂಟ್ರಲ್‌ಗೆ ಬಂದರೆ, ಹೈಡ್ರಾಲಿಕ್ ಆಕ್ಚುಯೇಟರ್ ಇರುವ ಕಾರಿನಲ್ಲಿ ಅದರ ಪಂಪು ಪದೇಪದೇ ಓಡಿ ಕೊರೆಯುವ ಸದ್ದು ಕೇಳಿದರೆ, ಗೇರ್‌ಬಾಕ್ಸಿನ ಒಳಗೆ ಹುಡುಕುವ ಮೊದಲು ಆಕ್ಚುಯೇಟರಿನ ಎಣ್ಣೆಯ ಮಟ್ಟವನ್ನೂ ಒತ್ತಡವನ್ನೂ ನೋಡಿಸಬೇಕು.

ಸಿವಿಟಿಯ ಬಗ್ಗೆ ಒಂದು ಮಾತು ಸಾಕು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಮೊದಲು ಏರಿ ಕಾರು ಆಮೇಲೆ ವೇಗ ಪಡೆಯುವುದು ಅದರ ಸ್ವಭಾವ. ಅದನ್ನು ಕ್ಲಚ್ ಜಾರುವಿಕೆ ಎಂದು ತಿಳಿಯಬಾರದು. ವೇಗದೊಂದಿಗೆ ಏರುವ ಸಿಳ್ಳಿನಂಥ ಸದ್ದು ಹೊಸದಾಗಿ ಹುಟ್ಟಿಕೊಂಡರೆ ಅಥವಾ ಹೊರಡುವಾಗ ಕುಲುಕಿದರೆ ಮಾತ್ರ ತಡಮಾಡಬಾರದು.

ಇಷ್ಟೆಲ್ಲ ನೋಡಿದ ಮೇಲೂ ದೂರು ಉಳಿದರೆ ಒಳಗಿನ ಪರೀಕ್ಷೆಗಳು. ಬ್ರೇಕ್ ಒತ್ತಿ ‘ಡಿ’ಗೆ ಹಾಕಿದ ಮೇಲೆ ಗೇರ್ ಹಿಡಿಯಲು ಎರಡು ಸೆಕೆಂಡು ಮೀರಿದರೆ, ಗೇರ್ ಬದಲಾಗುವ ನಡುವೆ ಎಂಜಿನ್ ಒಮ್ಮೆಗೇ ಕೂಗಿಕೊಂಡರೆ, ಲೈನ್ ಪ್ರೆಶರನ್ನು (ಒಳಗಿನ ಎಣ್ಣೆಯ ಒತ್ತಡವನ್ನು) ಗೇಜ್ ಹಾಕಿ ಅಳೆಯಬೇಕು. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಸ್ಟಾಲ್ ಟೆಸ್ಟ್ ಎಂಬುದೊಂದಿದೆ: ಬ್ರೇಕನ್ನೂ ಹ್ಯಾಂಡ್‌ಬ್ರೇಕನ್ನೂ ಪೂರ್ತಿ ಹಿಡಿದು, ‘ಡಿ’ಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಂಜಿನ್ನಿನ ವೇಗ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ಏರುತ್ತದೆ ಎಂದು ನೋಡುವುದು. ಕೈಪಿಡಿಯ ಸಂಖ್ಯೆಗಿಂತ ಹೆಚ್ಚಾದರೆ ಕ್ಲಚ್ ಜಾರುತ್ತಿದೆ. ಕಡಿಮೆಯಾದರೆ ಎಂಜಿನ್ ದುರ್ಬಲವಾಗಿದೆ ಅಥವಾ ಕನ್ವರ್ಟರಿನೊಳಗಿನ ಸ್ಟೇಟರಿನ (ಎಣ್ಣೆಯ ಹರಿವಿನ ದಿಕ್ಕು ತಿರುಗಿಸುವ ಭಾಗ) ಒಮ್ಮುಖ ಕ್ಲಚ್ ಕೆಟ್ಟಿದೆ. 5 ಸೆಕೆಂಡು ಮೀರಿದರೆ ಎಣ್ಣೆ ವಿಪರೀತ ಕಾಯುತ್ತದೆ, ಬ್ರೇಕ್ ಬಿಟ್ಟುಹೋದರೆ ಎದುರಿಗಿರುವವರ ಪ್ರಾಣಕ್ಕೆ ಅಪಾಯ. ಮನೆಯಂಗಳದಲ್ಲಿ ಇದನ್ನು ಯಾರೂ ಮಾಡಬಾರದು. ಉಳಿದ ಮೂರು ಬಗೆಯ ಕಾರುಗಳಲ್ಲಂತೂ ಕೈಪಿಡಿ ಹೇಳದ ಹೊರತು ವರ್ಕ್‌ಶಾಪಿನಲ್ಲಿಯೂ ಸಲ್ಲದು. ಅದರ ಬಳಿಕ ಎಣ್ಣೆಯ ಪ್ಯಾನ್ ಇಳಿಸಿ ಮ್ಯಾಗ್ನೆಟ್ಟನ್ನು ನೋಡಬೇಕು. ಅದಕ್ಕೆ ಅಂಟಿರುವ ನುಣುಪಾದ ಬೂದುಬಣ್ಣದ ಕೆಸರು ಸಹಜವಾದ ಸವೆತ. ಹೊಳೆಯುವ ಲೋಹದ ಚೂರುಗಳೋ ಕ್ಲಚ್ಚಿನ ಪದರದ ಕಪ್ಪು ತುಣುಕುಗಳೋ ಸಿಕ್ಕಿದರೆ ಗೇರ್‌ಬಾಕ್ಸ್ ಬಿಚ್ಚುವ ಕಾಲ ನಿಜವಾಗಿಯೂ ಬಂದಿದೆ.

ಹಾಗೆ ಬಿಚ್ಚುವುದು ಖಚಿತವಾದಾಗ ಕಾರನ್ನು ಮಂಗಳೂರಿಗೋ ಕಣ್ಣೂರಿಗೋ ಸಾಗಿಸಬೇಕಾಗುತ್ತದೆ. ಜೀಪಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಬೇಡಿ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನ ಎಣ್ಣೆಯ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಿರುವಾಗ ಚಕ್ರಗಳು ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ, ಉಳಿದಿದ್ದ ಭಾಗಗಳೂ ಕೆಡುತ್ತವೆ. ಫ್ಲಾಟ್‌ಬೆಡ್ ಲಾರಿ ಎಲ್ಲ ಕಾರುಗಳಿಗೂ ಸುರಕ್ಷಿತ. ಅದು ಸಿಗದಿದ್ದರೆ ಫ್ರಂಟ್ ವೀಲ್ ಡ್ರೈವ್ ಕಾರಿನ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿಸಿಯೇ ಒಯ್ಯಬೇಕು. ವರ್ಕ್‌ಶಾಪಿನ ಜಾಬ್ ಕಾರ್ಡಿನಲ್ಲಿ “ಗೇರ್‌ಬಾಕ್ಸ್ ರಿಪೇರಿ” ಎಂದು ಬರೆಸುವ ಬದಲು ತೊಂದರೆ ಬರುವ ವೇಗ, ಗೇರ್, ಬಿಸಿ ತಣ್ಣಗಿನ ವ್ಯತ್ಯಾಸ, ಸಿಕ್ಕಿದ ಕೋಡುಗಳು, ಎಣ್ಣೆಯ ಬಣ್ಣ ಇವನ್ನೆಲ್ಲ ಬರೆಸಿ. ತೆಗೆದ ಹಳೆಯ ಪ್ಲೇಟುಗಳನ್ನು ತೋರಿಸಲು ಮೊದಲೇ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಹಿಂದೆ ಕಲಿತಿದ್ದ ಲೆಕ್ಕಗಳನ್ನು ಅಳಿಸಿ ಹೊಸದಾಗಿ ಕಲಿಸಿದ್ದಾರೆಯೇ ಎಂದು ವಿಚಾರಿಸಿ, ಮೊದಲು ತೊಂದರೆ ಕಂಡಿದ್ದ ಅದೇ ವೇಗದಲ್ಲಿ, ಅದೇ ಬಿಸಿಯಲ್ಲಿ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ, ಕೋಡುಗಳನ್ನು ಮತ್ತೊಮ್ಮೆ ಓದಿಸಿದ ಮೇಲೆಯೇ ಕಾರನ್ನು ಮನೆಗೆ ತನ್ನಿ.